ಬಂದದ್ದೆಲ್ಲ ಓದಿದ ಬಸಲಿಂಗ

ಇಳಕಲ್ಲಿನ ನೇಕಾರರ ಓಣಿಯಲ್ಲಿ ದ್ಯಾಮವ್ವ ಅಂತ ಒಬ್ಬಾಕಿ. ಅವಳಿಗೆ ಬಸಲಿಂಗ ಅಂತ ಒಬ್ಬನೇ ಮಗ. ಮೈಯಲ್ಲಿ ಎತ್ತಿನ ಕಸುವು, ಮನಸ್ಸು ಹಾಲಿನಂಥದ್ದು, ತಲೆ ಮಾತ್ರ ಹೇಳಿದಷ್ಟೇ ಓಡುತ್ತಿತ್ತು.

ಅವನ ಕೈಗೆ ಒಂದು ಮೊಬೈಲು ಬಂತು. ಬಂದದ್ದನ್ನು ಓದಬೇಕಪ್ಪ, ಓದಿದವನೇ ಜಾಣ ಅಂತ ಯಾರೋ ಹೇಳಿದರು. ಸರಿ, ಬಂದದ್ದನ್ನೆಲ್ಲ ಓದಲು ಕೂತ. ಒಂಟೆಯ ಹಲ್ಲಿನ ಸುದ್ದಿ ಓದಿದ, ಬೋಳುತಲೆಯ ಮದ್ದು ಓದಿದ, ಯಾವುದೋ ದೇಶದ ರಾಣಿಯ ಚಪ್ಪಲಿಯ ಕತೆ ಓದಿದ. ಒಂದು ಮುಗಿಸುವಷ್ಟರಲ್ಲಿ ಹತ್ತು ಬಂದವು, ಹತ್ತು ಮುಗಿಸುವಷ್ಟರಲ್ಲಿ ನೂರು. ಊಟ ಬಿಟ್ಟ, ನಿದ್ದೆ ಬಿಟ್ಟ. ಕಂಡಿಕೆಗೆ ನೂಲು ಸುತ್ತುವವರಿಲ್ಲದೆ ಅವ್ವನ ಮಗ್ಗ ನಿಂತೇಹೋಯಿತು.

"ಓದದ ಬಿಟ್ರ ಬರದವ್ರು ಏನ್ ತಿಳ್ಕೋತಾರ ಯವ್ವಾ?" ಅಂತ ಕಣ್ಣೀರು ಹಾಕಿದ.

ದ್ಯಾಮವ್ವ ಹಣೆ ಚಚ್ಚಿಕೊಂಡಳು. ಬಂದ ಕೂಡಲೇ ಯಾಕೆ ಓದಬೇಕು, ಎತ್ತಿಟ್ಟು ಐತವಾರ ಓದು ಅಂದಳು. ಇಷ್ಟು ಸುಲಭವೇ ಅಂತ ಬಸಲಿಂಗನಿಗೆ ಹಿಗ್ಗೋ ಹಿಗ್ಗು.

ಮಂಗಳವಾರ ಸೋದರಮಾವ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಜೋಳದ ಚೀಲ ಹೊರಬೇಕು, ಓಡಿ ಬಾ ಅಂತ ಬರೆದ. ಬಸಲಿಂಗ ಅದನ್ನು ಜೋಪಾನವಾಗಿ ಎತ್ತಿಟ್ಟ. ಮಾವ ಚೀಲ ತಾನೇ ಹೊತ್ತು ಬಂದ, ನಡ ಹಿಡಿಸಿಕೊಂಡು ವಾರವೆಲ್ಲ ಅಕ್ಕನ ಮನೆಯಲ್ಲೇ ಬಿದ್ದುಕೊಂಡ. ಐತವಾರ ಬಸಲಿಂಗ ಜಳಕ ಮಾಡಿ, ವಿಭೂತಿ ಹಚ್ಚಿ, ಓದಿದ. ಓದಿದವನೇ, ಕಟ್ಟೆಯ ಮೇಲೆ ನರಳುತ್ತಿದ್ದ ಮಾವನನ್ನು ದಾಟಿಕೊಂಡು, ಮಾವನನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಓಡಿದ!

ದ್ಯಾಮವ್ವ ಬೈದಳು, ಮಾವನೂ ಬೈದ. ಬಂದ ಕೂಡಲೇ ಮೊದಲ ಸಾಲು ನೋಡು, ಅಷ್ಟರಲ್ಲೇ ತಿಳಿಯುತ್ತದೆ, ಉಳಿದದ್ದು ಬಿಟ್ಟುಬಿಡು ಅಂದರು.

ಅಷ್ಟರಲ್ಲಿ ಕುಷ್ಟಗಿಯ ಫಕೀರಪ್ಪನ ಮಗಳು ನೀಲವ್ವನನ್ನು ತಾಯಿ ಮಗ ನೋಡಿ ಬಂದಿದ್ದರು. ದ್ಯಾಮವ್ವ ಉತ್ತರಕ್ಕೆ ಕಾದಿದ್ದಳು. ಒಂದು ದಿನ ಫಕೀರಪ್ಪನ ಉದ್ದನೆಯ ಓಲೆ ಮೊಬೈಲಿಗೆ ಬಂತು. ಮೊದಲ ಸಾಲು, 'ಹೆಣ್ಣು ಕೊಡುವುದು ಬೇಡ ಎಂದೇ ಇದ್ದೆವು.' ಬಸಲಿಂಗ ಅಷ್ಟನ್ನೇ ಅವ್ವನಿಗೆ ಹೇಳಿ, ಉಳಿದದ್ದು ಬಿಟ್ಟ. ದ್ಯಾಮವ್ವ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಶುಕ್ರವಾರ ನೋಡಿದರೆ ಬೀಗರು ಗಾಡಿ ತುಂಬ ಬಂದು ಇಳಿದರು! ಉಳಿದ ಸಾಲುಗಳಲ್ಲಿ ಇದ್ದದ್ದು, ಹುಡುಗ ಸಾದಾ ಮನುಷ್ಯ, ಒಪ್ಪಿದ್ದೇವೆ, ಶುಕ್ರವಾರ ಊಟಕ್ಕೆ ಬರುತ್ತೇವೆ ಅಂತ. ಮನೆಯಲ್ಲಿ ತಂಗಳ ರೊಟ್ಟಿಯೂ ಇರಲಿಲ್ಲ. ಓಣಿಯವರೆಲ್ಲ ತಂತಮ್ಮ ಗಡಿಗೆ ಹೊತ್ತು ತಂದು ಮರ್ಯಾದೆ ಉಳಿಸಿದರು.

ಇನ್ನು ಮೇಲೆ ಮೊದಲಿಂದ ಕೊನೆತನಕ ಓದು, ಹೇಳಿದಂತೆ ಮಾಡು ಅಂತ ದ್ಯಾಮವ್ವ ಗುಡುಗಿದಳು. ಮರುದಿನವೇ ಯಾರೋ ಗುರುತಿಲ್ಲದವರ ಓಲೆ ಬಂತು. ಬಸಲಿಂಗ ಕೊನೆತನಕ ಓದಿದ. ಇದನ್ನು ಬಂಧುಬಳಗಕ್ಕೆ ಕಳಿಸದಿದ್ದರೆ ಮನೆಗೆ ಕೇಡು ಅಂತ ಇತ್ತು. ಬೀಗರ ಮನೆಯ ಒಬ್ಬೊಬ್ಬರಿಗೂ ಕಳಿಸಿದ. ನೀಲವ್ವನ ಅಜ್ಜಿ ಹೆದರಿ ಅನ್ನನೀರು ಬಿಟ್ಟಳು. ದ್ಯಾಮವ್ವ ಕುಷ್ಟಗಿಗೆ ಹೋಗಿ ಕಾಲು ಹಿಡಿದು ಸಮಾಧಾನ ಮಾಡಿ ಬಂದಳು.

"ಗುರುತಿಲ್ಲದವ್ರನ್ನ ಒಳಗ ಬಿಡಬ್ಯಾಡೋ ಮಗನ. ಇಷ್ಟು ನೆನಪಿಟ್ರ ಸಾಕು, ನಿನ್ನ ಲಗ್ನ ಆಗತದ" ಅಂದಳು.

ಬಸಲಿಂಗ ಕುಣಿದಾಡಿಬಿಟ್ಟ.

ಲಗ್ನದ ದಿನ ಬಾಸಿಂಗ ಕಟ್ಟಿಕೊಂಡು ಮನೆಯ ಬಾಗಿಲಲ್ಲಿ ತಾನೇ ನಿಂತ. ಮಂತ್ರ ಹೇಳುವ ಅಯ್ಯನವರು ಬಂದರು; ಗುರುತಿಲ್ಲ, ಹೊರಗೆ. ವಾಲಗದವರು ಬಂದರು, ಹೊರಗೆ. ಆರತಿ ತಟ್ಟೆ ಹಿಡಿದು ಅಂಗಳಕ್ಕಿಳಿದಿದ್ದ ದ್ಯಾಮವ್ವ ನೀಲವ್ವನನ್ನು ಕರೆತಂದಳು. ಬಸಲಿಂಗ ದಿಟ್ಟಿಸಿ ನೋಡಿದ. ಹೆಣ್ಣು ನೋಡಲು ಹೋದ ದಿನ ಅವನು ಮೊಬೈಲಿನಿಂದ ತಲೆ ಎತ್ತಿರಲೇ ಇಲ್ಲ.

"ಈಕಿ ಯಾರೋ ಗೊತ್ತಿಲ್ಲ ಯವ್ವಾ" ಅಂದ.

ಫಕೀರಪ್ಪನ ಮೀಸೆ ನಡುಗಿತು. ನೀಲವ್ವ ಮಾತ್ರ ಮುಂದೆ ಬಂದು, "ನಾ ನೀಲವ್ವ. ಈಗ ಗುರುತಾತಲ್ಲ?" ಅಂದಳು.

ಬಸಲಿಂಗನ ಮುಖ ಅರಳಿತು. ಆತು ಆತು ಅನ್ನುತ್ತ ಅವಳನ್ನು ಒಳಗೆ ಕರೆದು, ಸಂತೋಷದ ಭರದಲ್ಲಿ ಧಡ್ಡನೆ ಬಾಗಿಲಿನ ಅಗಳಿ ಹಾಕಿದ. ಅವ್ವನೂ ಹೊರಗೇ ಉಳಿದಳು.

ಮುಹೂರ್ತ ಮೀರುತ್ತಿತ್ತು. ಅಯ್ಯನವರು ಕಿಟಕಿಗೆ ಓಡಿ, ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯಿಂದ ತಾಳಿ ಒಳಗೆ ಚಾಚಿ, "ಇಲ್ಲೇ, ಈಗಲೇ ಕಟ್ಟಪ್ಪ" ಅಂದರು. ವಾಲಗ ಮೊಳಗಿತು, ಅಂಗಳದವರೆಲ್ಲ ಕಿಟಕಿಯೊಳಗೆ ಅಕ್ಕಿಕಾಳು ತೂರಿದರು. ಆ ಗದ್ದಲದಲ್ಲಿ ಬಸಲಿಂಗ, ಇಲ್ಲೇ ಅಂದರಲ್ಲ ಅಂತ, ಅಯ್ಯನವರು ಹಿಡಿದಿದ್ದ ಸರಳಿಗೇ ತಾಳಿ ಸುತ್ತಿ, ಬಿಗಿಯಾಗಿ ಮೂರು ಗಂಟು ಹಾಕಿದ.