ಪೊಟರೆ ತಂಡದ ಹಾಡು

ಒಂದು ಬಿದಿರುಕಾಡಿನಲ್ಲಿ ಮೂವರ ಹಾಡಿನ ತಂಡವಿತ್ತು. ಕಪ್ಪೆ ಗಂಗವ್ವ ಹಾಡುತ್ತಿದ್ದಳು. ಮರಕುಟಿಗ ಚೆಲುವಯ್ಯ ಕೊಕ್ಕಿನಿಂದ ತಾಳ ಹಾಕುತ್ತಿದ್ದ. ಜೀರುಂಡೆ ಪುಟ್ಟಿ ಶ್ರುತಿ ಹಿಡಿಯುತ್ತಿದ್ದಳು. ಹಳೇ ಹೊನ್ನೆಮರದ ಪೊಟರೆಯಲ್ಲಿ ಒತ್ತಾಗಿ ಕೂತು, ಒಬ್ಬರ ಮುಖ ಒಬ್ಬರು ನೋಡುತ್ತ, ಒಂದೇ ಸಲಕ್ಕೆ ಹಾಡಿ ಮುಗಿಸುತ್ತಿದ್ದರು. ನಡುವೆ ಗಂಗವ್ವನಿಗೆ ಕೆಮ್ಮು ಬಂದರೆ ಅದೂ ಹಾಡಿನಲ್ಲೇ ಸೇರಿಹೋಗುತ್ತಿತ್ತು. ಹೊರಗೆ ಕೊಂಬೆಯ ಮೇಲೆ ಕಾಜಾಣ ಕೂತು ಕೇಳುತ್ತಿತ್ತು. ಕೇಳಿದ ಸದ್ದನ್ನು ಹಾಗೆಹಾಗೇ ಹೊರಡಿಸುವುದು ಆ ಹಕ್ಕಿಯ ವಿದ್ಯೆ. ಅದು ಹಾಡು ಕಲಿತು ಪಕ್ಕದ ಕಾಡುಗಳಿಗೆಲ್ಲ ಕೇಳಿಸಿತು. ತಂಡಕ್ಕೆ ಒಳ್ಳೇ ಹೆಸರು ಬಂತು.

ಹೆಸರು ಕೇಳಿ ನರಿಯೂ ಬಂತು.

"ಇನ್ನು ನಿಮ್ಮ ತಂಡವನ್ನ ನಾನು ನೋಡ್ಕೋತೀನಿ. ಏಳು ಕಾಡಿನವರನ್ನೂ ಕರೆಸ್ತೀನಿ. ಆದರೆ ಈ ಪೊಟರೆ, ಈ ಕೆಮ್ಮು ಎಲ್ಲ ಬೇಡ. ಒಬ್ಬೊಬ್ಬರೇ ಬೇರೆಬೇರೆ ಕಡೆ ಹಾಡಿ. ಕಾಜಾಣ ಕಲಿತು ಜೋಡಿಸುತ್ತೆ" ಎಂದಿತು.

ಮೂವರೂ ನಂಬಿದರು. ಗಂಗವ್ವ ಕೆರೆಯಲ್ಲಿ ಹಾಡಿದಳು, ಚೆಲುವಯ್ಯ ಗುಡ್ಡದ ಮೇಲೆ, ಪುಟ್ಟಿ ಪೊದೆಯಲ್ಲಿ. ಕಾಜಾಣ ಕಲಿತದ್ದೇ ತಡ, ನರಿ ಒಬ್ಬೊಬ್ಬರ ಹತ್ತಿರವೂ ಹೋಯಿತು. "ತಂಡ ಕೆಟ್ಟಿದ್ದೇ ನಿನ್ನಿಂದ ಅಂತ ಉಳಿದಿಬ್ಬರೂ ಹೇಳ್ತಾರೆ. ಇನ್ನು ಬರಬೇಡ" ಎಂದು ಕಿವಿಯೂದಿತು. ಮೂವರೂ ಮನಸ್ಸು ಮುರಿದು ಹಾಡುವುದನ್ನೇ ಬಿಟ್ಟರು.

ಒಂದು ವಾರ ಕಳೆಯಿತು. "ನನ್ನ ಹಾಡು ಕೇಳಬನ್ನಿ" ಎಂದು ನರಿ ಕಾಡೆಲ್ಲ ಸಾರಿತು.

'ನನ್ನ ಹಾಡು' ಎಂಬ ಮಾತು ಕೇಳಿ ಪುಟ್ಟಿಗೆ ಮೈ ಉರಿಯಿತು. ನೇರ ಕೆರೆಗೆ ಹಾರಿದಳು. "ಅವ್ವಾ, ನಾನು ಕೆಟ್ಟದಾಗಿ ಹಾಡ್ತೀನಿ ಅಂದ್ಯಂತೆ?"

"ನಾನಾ? ನನ್ನ ಕೆಮ್ಮು ಕೇಳೋಕಾಗಲ್ಲ ಅಂತ ನೀವಿಬ್ಬರೂ ಅಂದಿರಂತಲ್ಲ!"

ಚೆಲುವಯ್ಯನನ್ನು ಕೇಳಿದರೆ ಅವನದೂ ಅದೇ ಕಥೆ. ಮೂವರೂ ಸಿಟ್ಟಿನಿಂದ ನರಿ ಹಾಡು ಕೇಳಿಸುವ ಕಡೆಗೆ ಹೊರಟರು.

ಅಲ್ಲಿ ಸಭೆ ಕಿಕ್ಕಿರಿದಿತ್ತು. ಬಂಡೆಯ ಮೇಲಿಂದ ನರಿ ಸನ್ನೆ ಮಾಡಿತು. ಕಾಜಾಣ ಬರೀ ಟಕಟಕ ಎಂದಿತು. ಆಮೇಲೆ ಬರೀ ವಟವಟ. ಆಮೇಲೆ ಬರೀ ಜೀ ಎಂಬ ಸದ್ದು.

"ಜೋಡಿಸೋ!" ನರಿ ಹಲ್ಲು ಕಡಿಯಿತು.

"ನನಗಿರೋದು ಒಂದೇ ಗಂಟಲು. ಒಟ್ಟಿಗೆ ಹಾಡಿದ್ದನ್ನ ಒಟ್ಟಿಗೆ ಹೇಳ್ತೀನಿ. ಒಡೆದು ಕೊಟ್ಟರೆ ಒಡೆದೇ ಹೇಳ್ತೀನಿ" ಎಂದಿತು ಕಾಜಾಣ.

ಗಂಗವ್ವ ಬಂಡೆಗೆ ನೆಗೆದಳು. "ಹಾಡು ಕದ್ದೆ. ಅದು ಸಾಲದು ಅಂತ ನಮ್ಮನಮ್ಮಲ್ಲೇ ತಂದಿಟ್ಟೆ. ನಾಚಿಕೆ ಆಗಲ್ವಾ ನಿನಗೆ?"

"ನಿನ್ನ ಹಾಡು ಅಂದ್ಯಲ್ಲ, ನೀನೇ ಹಾಡಿ ತೋರಿಸು" ಎಂದು ಕರಡಿ ಗದರಿತು. ನರಿ ಬಾಯಿ ತೆರೆದರೆ ಊಳು ಬಿಟ್ಟು ಬೇರೇನೂ ಬರಲಿಲ್ಲ. ಕಾಡುಹಂದಿಗಳು ಅದನ್ನು ಹೊಳೆಯಾಚೆ ಅಟ್ಟಿದವು.

ಗಂಗವ್ವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆ ಸಿಟ್ಟಿನಲ್ಲೇ ಹೊಸ ಹಾಡೊಂದನ್ನು ಎತ್ತಿಕೊಂಡಳು. ಉಳಿದಿಬ್ಬರು ಜೊತೆಗೂಡಿದರು. ಸಭೆಯಿಂದ ಒಬ್ಬರೂ ಎದ್ದು ಹೋಗಲಿಲ್ಲ.

ನೀತಿ: ಜೊತೆಗಾರರ ಬಗ್ಗೆ ಯಾರಾದರೂ ಚಾಡಿ ಹೇಳಿದರೆ, ನಂಬುವ ಮೊದಲು ಆ ಜೊತೆಗಾರರನ್ನೇ ಕೇಳಬೇಕು. ಕೂಡಿ ದುಡಿದವರನ್ನು ಒಡೆದು ಅವರ ದುಡಿಮೆಯನ್ನು ತನ್ನದೆನ್ನುವವನಿಗೆ ಅವಮಾನ ತಪ್ಪದು.