ಮುದ್ದಪ್ಪನವರ ಕಾರು ತೊಳೆದದ್ದು

ಕಂಟ್ರಾಕ್ಟರ್ ಮುದ್ದಪ್ಪನವರು ಕಾರು ಮಾರುವವರಿದ್ದರು. ಅದನ್ನು ತೊಳೆಯುವ ಆಳು ದಸ್ತಗಿರಿಯ ಬೆನ್ನಿಗೇ ನಿಂತು ಬೆಳಗಿನಿಂದ ಅಪ್ಪಣೆ ಕೊಡಿಸುತ್ತಿದ್ದರು. ಮಂಕಾದ ಹೆಡ್‌ಲೈಟಿಗೆ ಟೂತ್‌ಪೇಸ್ಟೇ ಉಜ್ಜಬೇಕು, ಗಾಜಿಗೆ ಹಳೇ ಪೇಪರೇ ಆಗಬೇಕು. ಎಲ್ಲ ಫೋನಿನಲ್ಲಿ ನೋಡಿ ಕಲಿತದ್ದು.

"ಇದರಲ್ಲಿ ಯಾರಾದ್ರೂ ಕೂತಿದ್ರು ಅನ್ನೋ ಗುರುತೇ ಇರಬಾರದು ಕಣಯ್ಯ. ಇದ್ರೆ ಮತ್ತೆ ಮೊದಲಿಂದ ತೊಳೆಸ್ತೀನಿ."

ದಸ್ತಗಿರಿಗೆ ರೇಗಿತು. ಬೇಕೆಂದೇ ಒಂದು ಗುರುತು ಉಳಿಸಿದ. ಕೊನೆಗೆ ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯನ್ನು ಅವರ ಕೈಗೇ ಕೊಟ್ಟ.

"ಒಂದು ಉಳಿದಿದೆ ಸಾರ್. ಎಣ್ಣೆ ಹಚ್ಚಿದ್ರೆ ಗೋಂದು ಬಿಡುತ್ತೆ. ಅಮ್ಮಾವ್ರದ್ದು, ನಾನು ಮುಟ್ಟಬಾರದು. ನೀವೇ ತೆಗೀರಿ."

ಪಕ್ಕದ ಸೀಟಿನ ಮುಂದೆ ಬಿಸಿಲಿಗೆ ಅಡ್ಡ ಇಳಿಸುವ ಸನ್‌ವೈಸರನ್ನು ಇಳಿಸಿದ. ಅದರ ಕನ್ನಡಿಯ ಮೂಲೆಯಲ್ಲಿ ಮೆರೂನ್ ಬಣ್ಣದ ಸ್ಟಿಕರ್ ಬೊಟ್ಟು. ಅವರೇ ಕಿತ್ತು ಹಾಕಿ ಮನೆಯಲ್ಲಿ ಹೆಂಡತಿಯಿಂದ ಬೈಸಿಕೊಳ್ಳಲಿ ಎಂಬುದು ಅವನ ಲೆಕ್ಕಾಚಾರ.

ಮುದ್ದಪ್ಪನವರು ಬಟ್ಟೆ ಹಿಡಿದುಕೊಂಡು ಆ ಸೀಟಿನಲ್ಲೇ ಕೂತುಬಿಟ್ಟರು.

"ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಅಂಟಿಸಿದ್ದು," ಅಂದರು. "ವಾಪಸ್ ಬರ್ತಾ ಇಟ್ಕೋತೀನಿ ಅಂದಿದ್ಲು."

ಯಾಕಾದರೂ ತೋರಿಸಿದೆನೋ ಅನ್ನಿಸಿತು ದಸ್ತಗಿರಿಗೆ. ಸ್ಕ್ರೂಡ್ರೈವರ್ ತಂದು ಸನ್‌ವೈಸರನ್ನೇ ಬಿಚ್ಚಿದ. ಹೊಸ ಹಳದಿ ಬಟ್ಟೆಯಲ್ಲಿ ಸುತ್ತಿ ಅವರ ತೊಡೆಯ ಮೇಲಿಟ್ಟ.

ಸಂಜೆ ಕಾರು ಕೊಳ್ಳುವವರು ಬಂದು ಒಳಗೆ ಕೂತು ನೋಡಿದರು.

"ಹೊಸದರ ಹಾಗಿದೆ. ಈ ಕಡೆ ಸನ್‌ವೈಸರ್ ಎಲ್ಲಿ?"

ದಸ್ತಗಿರಿ ತಲೆ ತಗ್ಗಿಸಿಕೊಂಡೇ ಹೇಳಿದ:

"ಅದರಲ್ಲಿ ಒಂದು ಗುರುತಿತ್ತು ಸಾರ್. ಹೋಗೋ ಥರದ್ದಲ್ಲ. ಅದಕ್ಕೇ ಬಿಚ್ಚಿಬಿಟ್ಟೆ."