ಬಲಗಡೆಯ ಕುರ್ಚಿ

ಕೋರ್ಟಿನಲ್ಲಿ ನಾನು ಬರೀ ಜವಾನ. ಆದರೆ ಮುನ್ನೂರು ಕುರಿ ಮೇಯಿಸಿ ಬಂದವನು, ನನ್ನ ಕಣ್ಣು ತಪ್ಪಿಸುವುದು ಸುಲಭವಲ್ಲ.

ಅವತ್ತು ಆರು ವರ್ಷದ ಕುಸುಮಳ ಕೇಸು. ಮಗು ಯಾರ ಹತ್ತಿರ ಬೆಳೆಯಬೇಕೆಂದು ಜಡ್ಜರು ತೀರ್ಮಾನಿಸಬೇಕು. ವರಾಂಡದಲ್ಲಿ ಅವಳ ಎಡಗಡೆ ಕೂತಿದ್ದ ಅಪ್ಪ, ಕಂಟ್ರಾಕ್ಟರ್ ಬಸವಂತಪ್ಪ, ನನ್ನ ಮೇಲೆ ಎಗರಿದ. "ಎಷ್ಟು ಕರೆದರೂ ಮಗಳು ತಿರುಗಿ ನೋಡಲ್ಲ. ತಾಯಿ ತಲೆ ಕೆಡಿಸಿದ್ದಾಳೆ. ನೀನೇ ನೋಡಿದೀಯಲ್ಲ, ಒಳಗೆ ಬಂದು ಸಾಕ್ಷಿ ಹೇಳೋ!"

ನೋಡಿದ್ದೆ. ತಾಯಿ ಶಾಂಭವಿ ಬೆಳಗಿನಿಂದ ಬಲಗಡೆ ಬಿಟ್ಟು ಕದಲಿರಲಿಲ್ಲ. ಮಗು ಆ ಕಡೆಗೇ ಕತ್ತು ವಾಲಿಸುತ್ತಿತ್ತು. ಹಾಗೆ ವಾಲಿಸುವ ಮರಿ ನಮ್ಮ ಹಿಂಡಿನಲ್ಲೂ ಒಂದಿತ್ತು.

"ಹೇಳ್ತೀನಿ ಸಾಹೇಬ್ರೆ. ಮೊದಲು ಅಮ್ಮಾವ್ರ ಕುರ್ಚೀಲಿ ಕೂತು ಒಂದ್ಸಲ ಕರೀರಿ," ಅಂದೆ. ಶಾಂಭವಿ ಸುಮ್ಮನೆ ಎದ್ದು ಜಾಗ ಬಿಟ್ಟರು.

"ಕುಸುಮಾ..."

"ಏನಪ್ಪಾ?" ಎಂದು ಮಗು ಥಟ್ಟನೆ ತಿರುಗಿತು.

ಬಸವಂತಪ್ಪ ತಾನು ಬಿಟ್ಟೆದ್ದ ಎಡಗಡೆಯ ಕುರ್ಚಿಯನ್ನೊಮ್ಮೆ ನೋಡಿದ.

"ಅವಳಿಗೆ ಎಡಗಿವಿ ಕೇಳಲ್ಲ," ಅಂದರು ಶಾಂಭವಿ. "ಜ್ವರ ಬಂದು ಕಿವಿ ಹೋದಾಗಲೇ ಹೇಳಿದ್ದೆ. ನೀವು ಫೋನಲ್ಲಿದ್ರಿ."

ಒಳಗೆ ಜಡ್ಜರು ಕೇಳಿದಾಗ ಅವನ ದನಿ ಇಳಿದಿತ್ತು. "ತಾಯಿ ಹತ್ತಿರವೇ ಇರಲಿ ಸ್ವಾಮಿ. ನನಗೆ ಭಾನುವಾರ ಕೊಡಿ."

ವಕೀಲರು ಎರಡು ವರ್ಷ ಎಳೆದದ್ದನ್ನು ನಾನು ಒಂದು ಕುರ್ಚಿಯಲ್ಲಿ ಮುಗಿಸಿದ್ದೆ. ಹೊರಡುವಾಗ ಬಸವಂತಪ್ಪ ಮಗಳ ಎಡಗೈ ಬಿಟ್ಟು, ಸುತ್ತಿ ಬಂದು, ಬಲಗೈ ಹಿಡಿದು ನಡೆದ.